ಸಪ್ತಮಿಗೆ ಕೂರಿಸಿದ ಬಿಲ್ಲು

ಇಪ್ಪತ್ತು ಹೆಜ್ಜೆ ದೂರದ ಬಾಳೆಕಂಬಕ್ಕೆ ಅಂಬು ಹೊಡೆಯುವುದೇನು ಮಹಾ ಎನ್ನುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಹಾಗೆ ಅನ್ನುವವರಲ್ಲಿ ಮೊದಲಿಗ ನಾನೇ ಆಗಿದ್ದೆ ಎಂಬುದು ಬೇರೆ ಮಾತು. (ಆಗಿನ್ನೂ ನನ್ನ ಕೈಗೆ ಬಿಲ್ಲು ಬಂದಿರಲಿಲ್ಲ.)

ಶಿವಮೊಗ್ಗದಲ್ಲಿ ನನ್ನ ಮಾವ ಪರಮೇಶ್ವರಪ್ಪನವರ ಬೀದಿಯಲ್ಲಿ ಒಂದು ಪದ್ಧತಿಯಿದೆ. ವಿಜಯದಶಮಿಯ ಸಂಜೆ ಬನ್ನಿಮರದ ಮುಂದೆ ಬಾಳೆಕಂಬ ನೆಡುತ್ತಾರೆ. ಮಾವನವರ ಮನೆತನದವರೊಬ್ಬರು ಅದಕ್ಕೆ ಅಂಬು ನಾಟಿಸಬೇಕು. ನಾಟಿದ ಮೇಲೆಯೇ ಜನ ಬನ್ನಿ ಕಿತ್ತು, ಹಂಚಿಕೊಂಡು, ಮನೆಗೆ ಹೋಗಬಹುದು. ಐದು ಅಂಬಿನಲ್ಲಿ ಒಂದೂ ನಾಟದಿದ್ದರೆ ಆ ಮರ್ಯಾದೆ ಮರುವರ್ಷದಿಂದ ಹಿಂದಿನ ಬೀದಿಯ ಗಂಗಾಧರಪ್ಪನವರ ಮನೆಗೆ ಹೋಗುತ್ತದೆ. ಈ ಗಂಗಾಧರಪ್ಪನವರು ಪ್ರತಿ ವರ್ಷವೂ ಮುಂದಿನ ಸಾಲಿನಲ್ಲೇ ನಿಂತು ಬಹಳ ಆಸಕ್ತಿಯಿಂದ ನೋಡುತ್ತಾರೆ.

ಆ ವರ್ಷ ಮಾವನವರಿಗೆ ಭುಜ ಹಿಡಿದುಕೊಂಡಿತು. ಅವರಿಗೆ ಗಂಡುಮಕ್ಕಳಿಲ್ಲ, ಇರುವವನು ನಾನೊಬ್ಬ ಅಳಿಯ. ನಾನಾದರೋ ಭದ್ರಾವತಿಯ ಕಾರ್ಖಾನೆಯಲ್ಲಿ ಉಗ್ರಾಣದ ಗುಮಾಸ್ತ, ಹದಿನಾಲ್ಕು ವರ್ಷದಿಂದ ನಟ್ಟು ಬೋಲ್ಟುಗಳಿಗೆ ಚೀಟಿ ಬರೆಯುತ್ತಿರುವವನು. ಮಾವನವರ ಕಣ್ಣಿನಲ್ಲಿ ನನ್ನ ಪೌರುಷ ಆ ಚೀಟಿಯಷ್ಟೇ ಅಗಲ. ಇದನ್ನು ಒಮ್ಮೆ ಸರಿಪಡಿಸಬೇಕೆಂದು ಬಹಳ ದಿನಗಳಿಂದ ನನಗೆ ಆಸೆಯಿತ್ತು.

"ನಾನು ಹೊಡೀತೀನಿ ಮಾವ. ಬಿಲ್ಲೂ ನಾನೇ ತರ್ತೀನಿ" ಎಂದೆ.

ಮಾವನವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇದು ಇಂಡೆಂಟ್ ಪಾಸ್ ಮಾಡಿದಂಗಲ್ಲ ಅಳಿಯಂದ್ರೇ" ಎಂದರು.

ಆಯನೂರಿನ ಹುಲಿಯಪ್ಪ ಬಿದಿರಿನ ಕೆಲಸದಲ್ಲಿ ಪಳಗಿದ ಕೈ. ಒಲೆಯ ಮೇಲಿನ ಅಟ್ಟದಲ್ಲಿ ಎರಡು ವರ್ಷ ಹೊಗೆ ಕುಡಿದ ಬಿದಿರನ್ನು ಸೀಳಿ, ಹೆರೆದು, ಕಾಯಿಸಿ ನನಗೊಂದು ಆಳುದ್ದದ ಬಿಲ್ಲು ಮಾಡಿಕೊಟ್ಟ. ಹಿಡಿಗೆ ಕೆಂಪು ನೂಲು ಸುತ್ತಿದ್ದ, ಹೆದೆ ಪುಂಡಿನಾರಿನದು. ಅದನ್ನು ಎಳೆದು ಬಿಟ್ಟಾಗ ಎದ್ದ ಸದ್ದಿಗೆ, ಸುಳ್ಳೇಕೆ ಹೇಳಲಿ, ನನ್ನ ಕೈ ತಾನಾಗಿ ಮೀಸೆಗೆ ಹೋಯಿತು. ನಮ್ಮಜ್ಜ, ಮುತ್ತಜ್ಜ ಎಲ್ಲ ಇಂಥದ್ದೇ ಸದ್ದು ಕೇಳಿದ್ದಿರಬೇಕು ಅನ್ನಿಸಿತು. (ಅವರು ಜವಳಿ ಮಾರುತ್ತಿದ್ದರು ಎಂಬುದು ಆ ಕ್ಷಣ ಮರೆತುಹೋಗಿತ್ತು.)

"ಕೆಲ್ಸ ಆದ ತಕ್ಷಣ ಹೆದೆ ಇಳ್ಸಿಬಿಡಿ ಸ್ವಾಮಿ" ಎಂದ ಹುಲಿಯಪ್ಪ. "ಬಗ್ಗಿಸೇ ಇಟ್ರೆ ಬಿದಿರು ಹಂಗೇ ಬಗ್ಗಿ ಕೂತ್ಬಿಡ್ತದೆ. ಆಮೇಲೆ ಅಂಬನ್ನ ಒದೆಯಲ್ಲ."

ಹೆದೆ ಏರಿಸುವುದು ಒಬ್ಬನಿಂದಾಗುವ ಕೆಲಸವಾಗಿರಲಿಲ್ಲ. ನಾನು ಮೊಣಕಾಲು ಕೊಟ್ಟು ಬಿಲ್ಲನ್ನು ಬಗ್ಗಿಸಬೇಕು, ನನ್ನ ಧರ್ಮಪತ್ನಿ ಬಸವರಾಜೇಶ್ವರಿ ರೊಟ್ಟಿ ಹಿಟ್ಟಿನ ಕೈಯಲ್ಲೇ ಬಂದು ಕುಣಿಕೆ ಸಿಕ್ಕಿಸಬೇಕು. ಹಿತ್ತಲಿನಲ್ಲಿ ಹುಲ್ಲಿನ ಮೂಟೆಗೆ ಹೊಡೆದು ಮುಗಿಸಿದ ಮೇಲೆ ಮತ್ತೆ ಅವಳೇ ಬಂದು ಬಿಚ್ಚಬೇಕು.

"ನಿಮ್ಮ ಬಿಲ್ವಿದ್ಯೆ ಮುಗಿಯೋದ್ರೊಳಗೆ ನನ್ನ ರೊಟ್ಟಿ ಎಲ್ಲ ಸೀದು ಹೋಗ್ತವೆ."

"ವೀರಪತ್ನಿಯರು ಹಾಗೆ ಮಾತಾಡಬಾರದು ಮಾರಾಯ್ತಿ."

"ವೀರರು ಮೊದ್ಲು ಆ ಮೂಟೆಗೆ ಹೊಡೀಲಿ. ಇವತ್ತು ಪಕ್ಕದ ಮನೆ ಕಲ್ಲಪ್ಪನೋರ ಹೀರೇಬಳ್ಳಿ ಹೋಯ್ತು."

ಆದರೂ ಹದಿನೈದು ದಿನದಲ್ಲಿ ಹತ್ತಕ್ಕೆ ಏಳು ಅಂಬು ಮೂಟೆಯಲ್ಲಿ ಕೂರತೊಡಗಿದವು. ಇಪ್ಪತ್ತೈದು ಹೆಜ್ಜೆಯಿಂದ! ಆಫೀಸಿನಲ್ಲಿ ಚೀಟಿ ಬರೆಯುವಾಗಲೂ ನಾನು ಒಂದು ಕಣ್ಣು ಮುಚ್ಚುತ್ತಿದ್ದೆ.

ಅಷ್ಟರಲ್ಲಿ ನವರಾತ್ರಿ ಬಂತು. ಸಪ್ತಮಿಯಂದು ನಮ್ಮ ಮನೆಯಲ್ಲಿ ಪುಸ್ತಕಗಳನ್ನು ಪೂಜೆಗೆ ಕೂರಿಸುತ್ತೇವೆ. ಕೂರಿಸಿದ್ದನ್ನು ದಶಮಿಯ ಬೆಳಿಗ್ಗೆ ಮಂಗಳಾರತಿ ಆಗುವವರೆಗೆ ಯಾರೂ ಮುಟ್ಟುವಂತಿಲ್ಲ. ಆಯುಧಗಳ ಸರದಿ ನವಮಿಗೆ. ಆದರೆ ಅಲ್ಲಿಯವರೆಗೆ ಕಾಯಲು ನನಗೆ ತಾಳ್ಮೆಯಿರಲಿಲ್ಲ. ಧನುರ್ವೇದವೂ ಒಂದು ವಿದ್ಯೆಯೇ ತಾನೆ? ಬಿಲ್ಲನ್ನೂ ಪುಸ್ತಕಗಳ ಜೊತೆ ಸಪ್ತಮಿಗೇ ಕೂರಿಸಿದೆ, ಹೆದೆ ಏರಿಸಿ.

"ಹೆದೆ ಯಾಕೆ? ಹುಲಿಯಪ್ಪ ಏನಂದಿದ್ದ?" ಎಂದಳು ಬಸವರಾಜೇಶ್ವರಿ.

"ಹೆದೆ ಇಳಿಸಿದ್ರೆ ಅದು ಬಟ್ಟೆ ಒಣಗಿಸೋ ಗಳು. ಗಳುವಿಗೆ ಕುಂಕುಮ ಇಡ್ತಾರಾ?"

ಚೆಂಡುಹೂವಿನ ಮಾಲೆ ಹಾಕಿಕೊಂಡು ಗೋಡೆಗೊರಗಿ ನಿಂತಿದ್ದ ಬಿಲ್ಲನ್ನು ಸಂಜೆ ಬಂದವರೆಲ್ಲ ಹೊಗಳಿದರು. ಅವರು ಹೋದ ಮೇಲೆ ಇವಳು, "ಈಗಾದ್ರೂ ಇಳ್ಸೋಣ, ಹಿಡೀರಿ" ಎಂದು ಕೈ ಚಾಚಿದಳು. ನಾನು ಗಾಬರಿಯಿಂದ ತಡೆದೆ. ಪೂಜೆಗೆ ಕೂತದ್ದನ್ನು ಮುಟ್ಟುವುದುಂಟೆ? ಆಚಾರದ ಬಗ್ಗೆ ಅವಳಿಗೆ ಕಾಲು ಗಂಟೆ ಉಪನ್ಯಾಸ ಕೊಟ್ಟೆ. ಅವಳು ಆಕಳಿಸಿ ಒಳಗೆ ಹೋದಳು. ಬಿಲ್ಲು ಮೂರು ಹಗಲು ಮೂರು ರಾತ್ರಿ ಬಗ್ಗಿಕೊಂಡೇ ಪೂಜೆ ಸ್ವೀಕರಿಸಿತು.

ದಶಮಿಯ ಬೆಳಿಗ್ಗೆ ಮಂಗಳಾರತಿ ಮಾಡಿ ಕುಣಿಕೆ ಬಿಚ್ಚಿದೆವು. ಹೆದೆ ಕೆಳಗೆ ಬಿತ್ತು, ಬಿಲ್ಲು ಮಾತ್ರ ಬಗ್ಗಿದ ಹಾಗೇ ಇತ್ತು.

"ಪೂಜೆಯಿಂದ ವಿನಯ ಬಂದಿದೆ" ಎಂದೆ. ಅವಳು ರೈಲಿನಲ್ಲಿ ಶಿವಮೊಗ್ಗ ಮುಟ್ಟುವವರೆಗೂ ಕಿಟಕಿಯಾಚೆ ನೋಡುತ್ತಿದ್ದಳು.

ಸಂಜೆ ಬನ್ನಿಮರದ ಮುಂದೆ ಬೀದಿಗೆ ಬೀದಿಯೇ ನೆರೆದಿತ್ತು. ತನ್ನ ಬಿಲ್ಲನ್ನು ನೋಡಲೆಂದು ಹುಲಿಯಪ್ಪನೂ ಬಂದಿದ್ದ. ನಾನು ಕಚ್ಚೆ ಬಿಗಿದು, ಇಪ್ಪತ್ತು ಹೆಜ್ಜೆ ಅಳೆದು, ಮೊದಲ ಅಂಬು ಬಿಟ್ಟೆ. ಅದು ಹತ್ತು ಹೆಜ್ಜೆ ಹೋಗಿ ನೆಲದಲ್ಲಿ ಮಲಗಿತು. ಜನ ಅದನ್ನು ಯಾವುದೋ ವಿಧಿಯೆಂದು ತಿಳಿದು ಕೈಮುಗಿದರು. ಎರಡನೆಯದೂ ಅಲ್ಲೇ ಬಿದ್ದಾಗ ಯಾರೂ ಮುಗಿಯಲಿಲ್ಲ. ಹತ್ತು ಹೆಜ್ಜೆ ಮುಂದೆ ಹೋಗಿ ಮೂರನೆಯದನ್ನು ಬಿಟ್ಟೆ, ಅದು ಕಂಬದ ಬುಡದಲ್ಲಿ ಬಿತ್ತು. ನಾಲ್ಕನೆಯದು ಕಂಬವನ್ನು ಮುಟ್ಟಿತು, ಆದರೆ ಮಾತಾಡಿಸಿಕೊಂಡು ಬಂದ ನೆಂಟನ ಹಾಗೆ ಹಿಂದಕ್ಕೆ ಬಂತು.

ಗಂಗಾಧರಪ್ಪನವರು ಶಲ್ಯ ಸರಿಮಾಡಿಕೊಂಡರು. ಮಾವನವರ ಮುಖ ಬಿಳಿಚಿತ್ತು. ಮೂರು ತಲೆಮಾರಿನ ಮರ್ಯಾದೆ ಉಳಿದ ಒಂದೇ ಅಂಬಿನ ಮೇಲೆ ನಿಂತಿತ್ತು. ನಾನು ಅದರ ಮೊನೆಯನ್ನು ಪಂಚೆಗೆ ಒರೆಸಿದೆ.

ಆಗ ಹಿಂದಿನಿಂದ ಬಸವರಾಜೇಶ್ವರಿ ಮೆಲ್ಲಗೆ ಹೇಳಿದಳು: "ಇನ್ನೂ ಹತ್ರ ಹೋಗಿ. ಎಷ್ಟು ದೂರದಿಂದ ಅಂತ ಯಾರೂ ಹೇಳಿಲ್ಲ."

ಹೋದೆ. ಕಂಬ ನನ್ನ ಮೂಗಿಗೆ ತಾಗುವಷ್ಟು ಹತ್ತಿರ ಹೋದೆ. ಹೆದೆಯನ್ನು ಎಳೆದಂತೆ ಮಾಡಿ, ಕಣ್ಣು ಮುಚ್ಚಿ, ಎರಡೂ ಕೈಯಿಂದ ಅಂಬನ್ನು ಬಾಳೆಕಂಬಕ್ಕೆ ಚುಚ್ಚಿದೆ.

"ಇದು ಹೊಡೆದಂಗಾ, ಚುಚ್ಚಿದಂಗಾ?" ಎಂದು ಗಂಗಾಧರಪ್ಪನವರು ಕೇಳಿದರು. ಆದರೆ ಅಂಬು ನಾಟಿತ್ತು, ಹಸಿದ ಜನ ಆಗಲೇ ಬನ್ನಿಮರಕ್ಕೆ ಮುಗಿಬಿದ್ದಿದ್ದರು. ಆ ಪ್ರಶ್ನೆ ಯಾರಿಗೂ ಕೇಳಿಸಲಿಲ್ಲ.

ಹುಲಿಯಪ್ಪ ಬಿಲ್ಲನ್ನು ಕೈಗೆ ತೆಗೆದುಕೊಂಡು ತುದಿಯಿಂದ ತುದಿಗೆ ಸವರಿದ. "ಎಷ್ಟು ದಿನ ಕಟ್ಟಿಟ್ಟಿದ್ರಿ ಸ್ವಾಮಿ?" ಎಂದ.

"ಸಪ್ತಮಿಯಿಂದ" ಎಂದು ನನ್ನ ವೀರಪತ್ನಿ ಉತ್ತರಿಸಿದಳು.

ಅವನು ಬಿಲ್ಲಿನ ಹೆದೆ ಇಳಿಸಿ ನನ್ನ ಕೈಗೆ ಕೊಟ್ಟ. ಅವನು ಬೈದಿದ್ದರೂ ನನಗೆ ಅಷ್ಟು ನೋವಾಗುತ್ತಿರಲಿಲ್ಲ.

ಅಷ್ಟರಲ್ಲಿ ಮಾವನವರು ಬನ್ನಿ ಹಿಡಿದು ಬಂದರು. ಕಣ್ಣಿನಲ್ಲಿ ನೀರಿತ್ತು. ನನ್ನ ಕೈಗೆ ಬನ್ನಿಯಿಟ್ಟು, "ಮನೆತನದ ಮಾನ ಉಳಿಸಿದ್ರಿ ಅಳಿಯಂದ್ರೇ. ಮುಂದಿನ ವರ್ಷಾನೂ ನೀವೇ" ಎಂದರು. ಹದಿನಾಲ್ಕು ವರ್ಷದಲ್ಲಿ ಮೊದಲ ಬಾರಿಗೆ ನನ್ನ ಎದೆ ಉಬ್ಬಿತು. ನಾನು ಬಗ್ಗಿ ಅವರ ಕಾಲು ಮುಟ್ಟಿದೆ.

ಮಾವನವರು ಪ್ರೀತಿಯಿಂದ ನನ್ನ ಬೆನ್ನು ಸವರುತ್ತ ಹೇಳಿದರು: "ರೈಲಲ್ಲಿ ಅಷ್ಟುದ್ದದ ಬಿಲ್ಲು ಹೊತ್ಕೊಂಡು ಬರೋ ಕಷ್ಟ ಯಾಕೆ? ಅಂಬೊಂದು ತಂದ್ರೆ ಸಾಕು."