ಸೀಟು ನನ್ನದು, ಕಾರು ಊರಿನವರದು

ಕೈಗೆ ಬಂದ ಕಾರು ನನ್ನ ಬಾಗಿಲಿಗೆ ಬರುವುದಿಲ್ಲ. ಒಂದು ಸಲವಲ್ಲ, ನಾಲ್ಕು ಸಲ ಹೀಗಾಗಿದೆ. ಎಪ್ಪತ್ತರ ದಶಕದಲ್ಲಿ ದುರ್ಗದಲ್ಲಿ ನನ್ನದೊಂದು ಕುಶನ್ ಅಂಗಡಿ ಇತ್ತು. ಹಳೇ ಕಾರು ಮಾರುವವರು ಮೊದಲು ಸೀಟು ಹೊಲಿಸುತ್ತಾರೆ. ಹಾಗಾಗಿ ಯಾರ ಕಾರು ಕೈ ಬದಲಾಗಲಿದೆ ಎಂಬುದು ಜಿಲ್ಲೆಯಲ್ಲಿ ಎಲ್ಲರಿಗಿಂತ ಮೊದಲು ನನಗೆ ಗೊತ್ತಾಗುತ್ತಿತ್ತು. ಗೊತ್ತಾಗಿ ಏನು ಬಂತು?

ಆಸೆ ನನಗಾಗಿ ಅಲ್ಲ. ಸೀಟಿನ ಅಂಚುಪಟ್ಟಿಗಳನ್ನು ಮನೆಯಲ್ಲಿ ಕೂತು ಕೈಯಲ್ಲಿ ಹೊಲಿದುಕೊಡುತ್ತಿದ್ದವಳು ನನ್ನ ತಾಯಿ, ನಮ್ಮ ಅಮ್ಮಿ. ಅಷ್ಟು ಕಾರುಗಳಿಗೆ ಹೊಲಿದವಳು ಒಂದರಲ್ಲೂ ಕೂತಿರಲಿಲ್ಲ. ಸ್ವಂತ ಕಾರಿನಲ್ಲಿ ಅವಳನ್ನು ಒಂದು ಸಲ ಕೂರಿಸಬೇಕು, ಅಷ್ಟೇ. ದುಡ್ಡು ಕೂಡಿಸಿಟ್ಟಿದ್ದೆ. ಇಲ್ಲದ್ದು ಬುದ್ಧಿ.

೧. ಹೊಳಲ್ಕೆರೆಯ ಮಾರಿಸ್

ಎಣ್ಣೆ ಮಿಲ್ಲಿನ ಯಜಮಾನರು ಮಾರಿಸ್ ಮೈನರ್ ಮಾರಲು ಹೊರಟಿದ್ದರು. ನಾನೇ ಕೊಳ್ಳುತ್ತೇನೆಂದೆ.

"ಆಗ್ಲಿ ಸಾಬ್ರೆ. ಹೆಂಗೂ ನಿಮ್ದೇ ಆಗೋ ಗಾಡಿ, ನಿಮ್ ಇಷ್ಟದಂಗೆ ಹೊಲ್ಕಳ್ರಿ," ಅಂದರು.

ಹೊಸ ತೆಂಗಿನ ನಾರು ತುಂಬಿ ಕೆಂಪು ರೆಕ್ಸಿನ್ ಹಾಕಿದೆ. ನಮ್ಮದೇ ಕಾರು ಅಂತ ಅಮ್ಮಿ ಎರಡೆರಡು ಹೊಲಿಗೆ ಹಾಕಿದಳು. ಯಜಮಾನರು ನೋಡಲು ಬಂದು ಕೂತರು. ಎದ್ದು, ಮತ್ತೆ ಕೂತರು.

"ಬಾಳ ಚೆನ್ನಾಗೈತೆ ಸಾಬ್ರೆ."

"ಹೌದು ಯಜಮಾನ್ರೇ."

"ಇಂಥ ಗಾಡಿ ಯಾರಾದ್ರೂ ಮಾರ್ತಾರೇನ್ರಿ?"

ಮಾರಲಿಲ್ಲ. ಹೊಲಿಗೆ ಕೂಲಿ ಕೊಟ್ಟರು, ಅದರಲ್ಲೂ ಚೌಕಾಸಿ ಮಾಡಿ.

೨. ಹಿರಿಯೂರಿನ ಮನಸ್ಸಾಕ್ಷಿ

ಹಿರಿಯೂರಿನ ಲಾಯರು ಹಿಲ್ಮನ್ ತಂದಾಗ ನಾನು ಹುಷಾರಾಗಿದ್ದೆ. ಸೀಟು ಮುಟ್ಟುವ ಮೊದಲೇ ತೆಗಳಲು ಶುರು ಮಾಡಿದೆ. ಸ್ಪ್ರಿಂಗ್ ಸತ್ತಿವೆ, ತಳಕ್ಕೆ ತುಕ್ಕು ಹಿಡಿದಿದೆ, ಯಾವತ್ತೋ ಒಂದು ದಿನ ಕಾರು ಮುಂದೆ ಹೋಗಿ ನೀವು ರಸ್ತೆ ಮೇಲೆ ಕೂತಿರುತ್ತೀರಿ ಅಂದೆ. ಎಲ್ಲ ಸುಳ್ಳು. ಲಾಯರ ಮುಖ ಸಣ್ಣದಾಯಿತು.

"ಇರ್ಲಿ ಬಿಡ್ರಿ, ನಾನೇ ತಗಂತೀನಿ," ಅಂದೆ.

"ಬ್ಯಾಡ ಸಾಬ್ರೆ, ನೀವು ಒಳ್ಳೇರು. ನಿಮ್ಗೆ ಇಂಥದ್ದು ಕೊಟ್ರೆ ನಂಗೆ ನಿದ್ದೆ ಹತ್ತಲ್ಲ."

ತಮಗಾಗದ ಷಡ್ಡಕನಿಗೆ ಸಿಕ್ಕಷ್ಟಕ್ಕೆ ಮಾರಿದರು. ಆ ಷಡ್ಡಕ ಸೀಟು ಹೊಲಿಸಲು ಕಾರನ್ನು ನನ್ನ ಹತ್ತಿರವೇ ತಂದ. "ಪುಕ್ಸಟ್ಟೆ ಸಿಕ್ತು ಸಾಬ್ರೆ, ಒಂದು ಊನ ಇಲ್ಲ," ಅಂದ. ಹೊಟ್ಟೆ ಉರಿದುಕೊಂಡೇ ಹೊಲಿದೆ.

೩. ಎರಡು ಪಂಚಾಂಗ

ಹೊಸದುರ್ಗದ ಹಳೇ ಶಾನುಭೋಗರು ಡಾಡ್ಜ್ ಕೊಡಲು ಒಪ್ಪಿದರು. ಆದರೆ, "ಧನುರ್ಮಾಸ ಕಣ್ರೀ, ಮನೆಯಿಂದ ಏನೂ ಕಳ್ಸಂಗಿಲ್ಲ. ಸಂಕ್ರಾಂತಿ ಕಳೀಲಿ," ಅಂದರು.

ಸಂಕ್ರಾಂತಿ ಕಳೆಯಿತು. ಆ ವರ್ಷ ಆ ಹೊತ್ತಿಗೆ ನಮ್ಮ ಸಫರ್ ತಿಂಗಳು ನಡೆಯುತ್ತಿತ್ತು. "ಈ ತಿಂಗ್ಳು ಹೊಸ್ದು ಏನೂ ಮನೆಗೆ ತರಬಾರ್ದು ಬೇಟಾ," ಅಂತ ಅಮ್ಮಿ ತಡೆದಳು. ಯಾರಿಗಾಗಿ ಕಾರೋ ಅವಳೇ ಅಡ್ಡ ನಿಂತರೆ ಯಾರಿಗೆ ಹೇಳಲಿ? ಶಾನುಭೋಗರು ಮಾತ್ರ ಮೆಚ್ಚಿಕೊಂಡರು. "ಶಾಸ್ತ್ರ ಅಂದ್ಮೇಲೆ ಶಾಸ್ತ್ರ. ಕಾಯಾಣ," ಅಂದರು.

ನಾವಿಬ್ಬರೂ ಕಾಯುತ್ತಿರುವಾಗ ಗುಜರಿಯವನೊಬ್ಬ ಅವರ ಮಗನ ಕೈಗೆ ದುಡ್ಡಿಟ್ಟು, ಡಾಡ್ಜ್ ಎಳೆಸಿಕೊಂಡು ಹೋಗಿ ಒಡೆದುಹಾಕಿದ. ಅವನು ಯಾವ ಪಂಚಾಂಗವನ್ನೂ ನೋಡಿರಲಿಲ್ಲ.

೪. ಡಾಕ್ಟರ ಷರತ್ತು

ಕೊನೆಯದು ನಮ್ಮ ದುರ್ಗದ್ದೇ. ವಯಸ್ಸಾದ ಡಾಕ್ಟರೊಬ್ಬರು ತಮ್ಮ ಬೇಬಿ ಆಸ್ಟಿನ್ ಕೊಡುತ್ತೇನೆಂದರು. ಅದರ ಸೀಟುಗಳೂ ನಾವು ಹೊಲಿದವೇ. ಈ ಸಲ ನಾನು ಹೊಗಳಲಿಲ್ಲ, ತೆಗಳಲಿಲ್ಲ. ತಿಂಗಳೂ ಒಳ್ಳೆಯದಿತ್ತು. ಡಾಕ್ಟರ ಷರತ್ತು ಒಂದೇ: "ಮಗಳಂಗೆ ಸಾಕೀನಿ. ಕೋಟೆ ಬಾಗಿಲ ತನಕ ಒಂದು ರೌಂಡು ಓಡ್ಸಿ ತೋರ್ಸು, ಆಮೇಲೆ ತಗಂಡೋಗು."

ಸ್ಟೇರಿಂಗ್ ಮುಂದೆ ಕೂತೆ. ಅಭ್ಯಾಸಬಲ, ಮೊದಲು ಸೀಟು ಅದುಮಿ ನೋಡಿದೆ. ಗಟ್ಟಿಯಾಗಿತ್ತು. ಇನ್ನೊಂದು ಸಲ ಅದುಮಿದೆ.

"ಹೊರಡಪ್ಪ."

"ಡಾಕ್ಟ್ರೇ, ನಂಗೆ ಓಡ್ಸಕ್ಕೆ ಬರಲ್ಲ."

ಇಷ್ಟು ವರ್ಷ ಸೀಟುಗಳನ್ನು ಬಿಚ್ಚಿ, ನೆಲದ ಮೇಲಿಟ್ಟು ಹೊಲಿದವನು ನಾನು. ಕಾರು ಓಡಿಸಲು ಕಲಿಯಬೇಕೆಂಬುದು ಹೊಳೆದೇ ಇರಲಿಲ್ಲ. ಡಾಕ್ಟರು ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. "ಕಲ್ತ್ಕಂಡು ಬಾ, ಕಾಯ್ತೀನಿ," ಅಂದರು.

ನಾನು ಕಲಿಯುವಷ್ಟರಲ್ಲಿ ಡಾಕ್ಟರು ತೀರಿಹೋದರು. ಅವರ ಮಕ್ಕಳಿಂದ ಬೊಂಬಾಯಿಯ ಶೋಕಿವಾಲನೊಬ್ಬ ಕಾರು ಕೊಂಡ. ಅವನಿಗೆ ಫೋಮ್ ಸೀಟೇ ಬೇಕಂತೆ. ಹಿಂದಿನ ಸೀಟು ಬಿಚ್ಚಿ ನನ್ನ ಅಂಗಡಿಯ ಮುಂದೆ ಇಳಿಸಿ ಹೋದ.

ಅದನ್ನು ಮನೆಗೆ ಹೊತ್ತು ತಂದು ನಡುಮನೆಯಲ್ಲಿಟ್ಟೆ. ಅಮ್ಮಿ ತನ್ನ ಹೊಲಿಗೆಯನ್ನು ಬೆರಳಲ್ಲಿ ಸವರಿ ನೋಡಿದಳು. ಸೆರಗು ಸರಿಮಾಡಿಕೊಂಡು, ಕಿಟಕಿ ಪಕ್ಕ ಕೂರುವವಳ ಹಾಗೆ ಒಂದು ಮೂಲೆಗೆ ಸರಿದು ಕೂತಳು. ನನಗೂ ಜಾಗ ಬಿಟ್ಟಳು. ಇಬ್ಬರೂ ಎದುರಿನ ಗೋಡೆ ನೋಡುತ್ತಾ ಕೂತೆವು.

ಅಮ್ಮಿ ಅಂದಳು:

"ಒಳ್ಳೇ ಗಾಡಿ ಬೇಟಾ. ಒಂಚೂರೂ ಅಲ್ಲಾಡಲ್ಲ."