ಪುಟ ತೆರೆದದ್ದಕ್ಕೇ ರಾಜೀನಾಮೆ ಆದವರ ಕುರಿತು

ಸಂಖ್ಯೆ: ಗುಂಡಿ/ರಾಜೀ/೪೧/ಪ್ರಭಾರ
ದಿನಾಂಕ: ಬುಧವಾರ, ಊಟದ ವಿರಾಮದ ನಂತರ

ಸುತ್ತೋಲೆ

ವಿಷಯ: ಕಚೇರಿ ಜಾಲತಾಣದ ರಾಜೀನಾಮೆ ಪುಟದಲ್ಲಿ ಫಂಕ್ಷನ್ ಅವಸರಪಟ್ಟಿದ್ದು ಹಾಗೂ ಅದರಿಂದ ಪುಟ ಬರೆದಾಕೆಯ ಕೆಲಸಕ್ಕೆ ಕುತ್ತು ಬಂದಿರುವುದು.

ಉಲ್ಲೇಖ: ೧) ಪುಟ ಬರೆದಾಕೆಯ ಟಿಪ್ಪಣಿ, ಸೋಮವಾರ. ೨) ಅದರ ಮೇಲೆ ನಿರ್ದೇಶಕರ ಷರಾ, ಅಂದೇ.

ಗುಂಡಿ ಒತ್ತಿದರೆ ರಾಜೀನಾಮೆ ಸಲ್ಲಿಕೆಯಾಗಬೇಕಿದ್ದ ಸದರಿ ಪುಟವನ್ನು ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ಉದ್ಘಾಟಿಸಿ, ಎಲ್ಲರೂ ತಮ್ಮ ತಮ್ಮ ಕಂಪ್ಯೂಟರಿನಲ್ಲಿ ತೆರೆದು ನೋಡತಕ್ಕದ್ದೆಂದು ಆದೇಶಿಸಲಾಗಿತ್ತು. ತೆರೆದ ನಲವತ್ತೊಂದು ಮಂದಿಯೂ, ನಿರ್ದೇಶಕರು ಹಾಗೂ ಪುಟ ಬರೆದಾಕೆ ಸೇರಿ, ಆ ಕ್ಷಣವೇ ರಾಜೀನಾಮೆ ಕೊಟ್ಟವರಾಗಿರುತ್ತಾರೆ. ಕಡತ ಕೊಠಡಿಯ ಸಹಾಯಕನಾದ ನಾನು ಒಂಬತ್ತು ವರ್ಷದ ಹಿಂದೆ ಕೇಳಿದ ಪಾಸ್‌ವರ್ಡ್ ಇನ್ನೂ ಪರಿಶೀಲನೆಯಲ್ಲಿರುವ ಕಾರಣ, ನನಗೆ ಮಾತ್ರ ಆ ಭಾಗ್ಯ ಒದಗಿಲ್ಲ. ಸೇವೆಯಲ್ಲಿ ಉಳಿದವರ ಪೈಕಿ ಹಿರಿಯರು ಪ್ರಭಾರ ವಹಿಸಬೇಕೆಂಬ ನಿಯಮವಿದ್ದು, ಉಳಿದವನು ನಾನೊಬ್ಬನೇ ಆದ್ದರಿಂದ ಕೆಳಕಂಡಂತೆ ಸೂಚಿಸಲಾಗಿದೆ.

೧. ಫಂಕ್ಷನ್ ಎಂದರೆ ಕಂಪ್ಯೂಟರ್ ಮಾಡಬೇಕೆಂದು ಹೆಸರಿಟ್ಟು ಬರೆದಿಟ್ಟ ಒಂದು ಕೆಲಸ. ಕರೆಯುವವರೆಗೆ ಅದು ಸುಮ್ಮನಿರತಕ್ಕದ್ದು. ಗುಂಡಿ ಒತ್ತುವುದು ಇವೆಂಟ್; ಅದೇ ಕರೆ. ಸದರಿ ಪುಟದಲ್ಲಿ ‘ಗುಂಡಿ ಒತ್ತಿದಾಗ ಓಡು’ ಎನ್ನುವ ಬದಲು ‘ಈಗಲೇ ಓಡು’ ಎಂದು ಬರೆದುಹೋಗಿರುತ್ತದೆ. ಆದ್ದರಿಂದ ಗುಂಡಿಯನ್ನು ಎಷ್ಟು ಒತ್ತಿದರೂ ಏನೂ ಆಗುವುದಿಲ್ಲ. ಆಗಬೇಕಾದದ್ದು ಆಗಲೇ ಆಗಿರುತ್ತದೆ.

೨. ಕರೆಯದೆ ಯಾವ ಕೆಲಸವನ್ನೂ ಮಾಡಬಾರದೆಂಬ ಫಂಕ್ಷನ್ನಿನ ನಿಯಮ ಈ ಕಚೇರಿಯಲ್ಲಿ ಮೊದಲಿನಿಂದಲೂ ಜಾರಿಯಲ್ಲಿದೆ. ಕರೆದರೆ ಮಾಡಬೇಕೆಂಬ ಭಾಗವನ್ನು ಮಾತ್ರ ಹೊಸದಾಗಿ ಸೇರಿಸಲಾಗಿದೆ.

೩. ರಾಜೀನಾಮೆ ನಿಜವೇ ಎಂದು ತಿಳಿಯಲು ಪುಟವನ್ನು ಮತ್ತೆ ತೆರೆಯತಕ್ಕದ್ದಲ್ಲ. ಹೀಗೆ ಇನ್ನೂ ನಾಲ್ಕು ಸಲ ತೆರೆದ ಮೇಲ್ವಿಚಾರಕರು ಒಟ್ಟು ಐದು ರಾಜೀನಾಮೆ ನೀಡಿದ್ದು, ಒಂದನ್ನು ಪರಿಗಣಿಸಿ ನಾಲ್ಕನ್ನು ಅವರ ಮುಂದಿನ ಅಗತ್ಯಗಳಿಗಾಗಿ ಕಾಯ್ದಿರಿಸಲಾಗಿದೆ.

೪. ರಾಜೀನಾಮೆ ಆದವರು ತಮ್ಮ ಕುರ್ಚಿಯಲ್ಲಿ ಕೂರಬಹುದು, ಒರಗುವಂತಿಲ್ಲ. ಫ್ಯಾನಿನ ಗಾಳಿ ತಾನಾಗಿ ಬಂದರೆ ಸ್ವೀಕರಿಸಬಹುದು. ಫ್ಯಾನನ್ನು ತಮ್ಮತ್ತ ತಿರುಗಿಸಿಕೊಳ್ಳುವಂತಿಲ್ಲ. ಆಕಳಿಸಿದ್ದನ್ನು ಅವರವರ ಸ್ವಂತ ಸಮಯವೆಂದು ಪರಿಗಣಿಸಲಾಗುವುದು.

೫. ಪುಟ ಬರೆದಾಕೆ ಆರು ವರ್ಷದಿಂದ ತಾತ್ಕಾಲಿಕ ನೌಕರಿಯಲ್ಲಿದ್ದಾರೆ. ಉಲ್ಲೇಖ (೧)ರಲ್ಲಿ ಅವರು, “ಸಾರ್, ಅವಸರದಲ್ಲಿ ಬರೆದಿದ್ದೀನಿ, ಒಂದ್ಸಲವೂ ಓಡಿಸಿ ನೋಡಿಲ್ಲ. ಎರಡು ದಿನ ಕೊಡಿ” ಎಂದು ಕೇಳಿರುತ್ತಾರೆ. ಉಲ್ಲೇಖ (೨)ರಲ್ಲಿ, “ಗುಂಡಿ ತಾನೇ ಕಣಮ್ಮ, ಅದರಲ್ಲಿ ನೋಡೋದೇನಿದೆ?” ಎಂದು ಷರಾ ಬರೆಯಲಾಗಿದೆ. ನಂತರ ಮಂಗಳವಾರ ಹನ್ನೊಂದು ಇಪ್ಪತ್ತಕ್ಕೆ, ಕೆಲಸದಿಂದ ಏಕೆ ತೆಗೆಯಬಾರದೆಂದು ನಿರ್ದೇಶಕರ ಸಹಿಯಲ್ಲಿ ಆಕೆಗೇ ನೋಟಿಸು ಕೊಡಲಾಗಿದೆ. ಆ ಹೊತ್ತಿಗೆ ನಿರ್ದೇಶಕರು ಸೇವೆ ಬಿಟ್ಟು ಇಪ್ಪತ್ತು ನಿಮಿಷವಾಗಿದ್ದ ಕಾರಣ, ಅದನ್ನು ಪರಿಚಿತರೊಬ್ಬರು ಬರೆದ ಖಾಸಗಿ ಪತ್ರವೆಂದು ಭಾವಿಸತಕ್ಕದ್ದು. ಉತ್ತರಿಸುವುದು ಬಿಡುವುದು ಆಕೆಯ ಇಷ್ಟ.

೬. ಆಕೆಯ ರಾಜೀನಾಮೆಯನ್ನು ಈ ಮೂಲಕ ತಿರಸ್ಕರಿಸಲಾಗಿದೆ. ಹಾಗೆ ಮಾಡಲು ನನಗೆ ಅಧಿಕಾರವಿದೆಯೇ ಎಂದು ಕೇಳುವವರು ಸದ್ಯ ಸೇವೆಯಲ್ಲಿಲ್ಲ.

೭. ಆಕೆ ಇಂದು ಪುಟವನ್ನು ಸರಿಪಡಿಸಿ, ಉಳಿದ ನಲವತ್ತು ಮಂದಿಯ ರಾಜೀನಾಮೆ ವಾಪಸ್ ಮಾಡಲು ಇನ್ನೊಂದು ಗುಂಡಿ ಇಟ್ಟು, ಕಂಪ್ಯೂಟರನ್ನು ನನ್ನ ಕೊಠಡಿಗೇ ತಂದುಕೊಟ್ಟಿದ್ದಾರೆ. ಇದು ಒತ್ತಿದಾಗ ಮಾತ್ರ ಓಡುತ್ತದೆ. ಪುಟದ ನಕಲಿನಲ್ಲಿ ಎರಡು ಸಲ ಪರೀಕ್ಷಿಸಲಾಗಿದೆ. ಒತ್ತಿದ ಕೂಡಲೇ ಎಲ್ಲರೂ ಮೊದಲಿನಂತಾಗಿ, ನನ್ನ ಪ್ರಭಾರವೂ ಮುಗಿಯುತ್ತದೆ.

೮. ಆಕೆಯನ್ನು ಖಾಯಂ ಮಾಡುವ ಕಡತವನ್ನು ಆರು ವರ್ಷ ಮೇಜಿನಿಂದ ಮೇಜಿಗೆ ಹೊತ್ತವನು ನಾನೇ. ಬಾಕಿ ಇದ್ದದ್ದು ನಿರ್ದೇಶಕರ ಒಂದು ಸಹಿ. ಅದನ್ನು ಇಂದು ಹಾಕಲಾಗಿದೆ. ಅರ್ಧ ನಿಮಿಷ ಹಿಡಿಯಿತು. ನನಗೆ ಬಹಳ ಸಂತೋಷವಾಗಿದೆಯೆಂದೂ ದಾಖಲಿಸಲಾಗಿದೆ.

(ಸಹಿ)
ಪ್ರಭಾರ ನಿರ್ದೇಶಕ
(ಗುಂಡಿ ಒತ್ತುವವರೆಗೆ)

ಪ್ರತಿಗಳು:
೧. ನಿರ್ದೇಶಕರಾಗಿದ್ದವರಿಗೆ, ಒರಗದೆ ಓದಿಕೊಳ್ಳಲು.
೨. ಮೇಲ್ವಿಚಾರಕರಿಗೆ, ಐದು ಪ್ರತಿ.
೩. ಪುಟ ಬರೆದಾಕೆಗೆ, ಖಾಯಂ ಆದೇಶದ ಮೂಲಪ್ರತಿಯೊಂದಿಗೆ. ಇದನ್ನು ಮನೆಗೆ ಒಯ್ದು, ಬೀರುವಿನಲ್ಲಿಟ್ಟು ಬೀಗ ಹಾಕಿ ಫೋನ್ ಮಾಡತಕ್ಕದ್ದು. ಆಮೇಲೆ ಗುಂಡಿ ಒತ್ತಲಾಗುವುದು.