ನಾಲ್ಕು ಗಾಲಿಗೊಂದು ಎಮ್ಮೆ

ದತ್ತಾತ್ರಿ ರಾಯರ ಮೋಟಾರಿನಿಂದ ಚಕ್ಕುಲಿ ಕರಿಯುವ ವಾಸನೆ ಬರತೊಡಗಿದ್ದು ಬೆಳಿಗ್ಗೆ ಎಂಟರ ಸುಮಾರಿಗೆ. ಬೆಟಗೇರಿಯ ನೇಕಾರರ ಓಣಿಯಲ್ಲಿ ಮಗ್ಗಗಳ ಸದ್ದು ಒಂದು ಗಳಿಗೆ ನಿಂತಿತು. ಐವತ್ತಾರನೆಯ ಇಸವಿಯಲ್ಲಿ ದೀಪಾವಳಿಯೂ ರಾಜ್ಯೋದಯವೂ ಒಂದೇ ವಾರದಲ್ಲಿ ಬಂದಿದ್ದವು. ನವೆಂಬರ್ ಒಂದರ ಬೆಳಿಗ್ಗೆ ಇಷ್ಟು ಜಲ್ದಿ ಬಾಣಲೆ ಇಟ್ಟವರು ಯಾರೆಂದು ಹೆಂಗಸರು ಬಾಗಿಲಿಗೆ ಬಂದು ಇಣುಕಿದರು. ಬಾಣಲೆ ಎಲ್ಲೂ ಇರಲಿಲ್ಲ. ರಾಯರ ಕರಿ ಮೋಟಾರು ನೀಲಿ ಹೊಗೆ ಬಿಡುತ್ತ, ದಮ್ಮು ಹತ್ತಿದ ಮುದುಕನಂತೆ ಕೆಮ್ಮುತ್ತ ಬಂದು, ಓಣಿಯ ಬಾಯಲ್ಲಿದ್ದ ಬಾವಿಯ ಹತ್ತಿರ ಖಟಕ್ಕನೆ ನಿಂತುಬಿಟ್ಟಿತು.

ತಪ್ಪು ಸಣ್ಣದೇ. ಹಿಂದಿನ ಸಂಜೆ ಎಂಜಿನ್ನಿಗೆ ಎಣ್ಣೆ ಹಾಕಲು ಹೋದಾಗ ಡಬ್ಬಿ ಖಾಲಿಯಿತ್ತು, ಅಂಗಡಿ ಹಬ್ಬಕ್ಕೆಂದು ಮುಚ್ಚಿತ್ತು. ಎಣ್ಣೆ ಅಂದರೆ ಎಣ್ಣೆ, ಅದರಲ್ಲೇನು ಭೇದ ಎಂದುಕೊಂಡ ರಾಯರು, ಹೆಂಡತಿ ಯಮುನಾಬಾಯಿ ಹಬ್ಬದ ಫರಾಳದ ತಿಂಡಿ ಕರಿಯಲೆಂದು ಗಾಣದಿಂದ ತರಿಸಿಟ್ಟಿದ್ದ ಶೇಂಗಾ ಎಣ್ಣೆಯನ್ನು ಅರ್ಧ ಡಬ್ಬಿ ಬಗ್ಗಿಸಿಬಿಟ್ಟಿದ್ದರು.

ರಾಯರು ತಾಲೂಕು ಕಚೇರಿಯಲ್ಲಿ ಕಾರಕೂನರು. ಕಾರಕೂನರಿಗೆ ಮೋಟಾರು ಎಲ್ಲಿಂದ ಬಂತೆಂದರೆ, ನಲವತ್ತೇಳರಲ್ಲಿ ಹತ್ತಿ ಖರೀದಿಯ ಒಬ್ಬ ಇಂಗ್ಲಿಷ್ ಸಾಹೇಬ ಗಂಟುಮೂಟೆ ಕಟ್ಟಿ ವಿಲಾಯತಿಗೆ ಹೊರಟಾಗ ಅವನ ಹತ್ತಿರ ಹಡಗಿಗೆ ಹಾಕಲಾಗದ ಎರಡು ಸೊತ್ತು ಉಳಿದಿದ್ದವು. ಒಂದು ಮೋಟಾರು, ಇನ್ನೊಂದು ಮುದಿ ನಾಯಿ. ಸಂಜೆ ಹೊತ್ತು ತನ್ನ ಪತ್ರಗಳ ನಕಲು ಮಾಡಿಕೊಡುತ್ತಿದ್ದ ರಾಯರಿಗೆ ಎರಡನ್ನೂ ಬಹುಮಾನವಾಗಿ ಕೊಟ್ಟು ಹೋದ. ನಾಯಿ ಎರಡು ತಿಂಗಳಿಗೆ ತೀರಿಕೊಂಡಿತು. ಮೋಟಾರು ಒಂಬತ್ತು ವರ್ಷ ಬದುಕಿತ್ತು.

ಬಸ್ಸುಗಳ ಎಂಜಿನ್ನು ಬಿಚ್ಚಿ ಜೋಡಿಸುವ ಖಾಜಾಸಾಬನಿಗೆ ಯಾರೋ ಖಬರು ಮುಟ್ಟಿಸಿದರು. ಅವನು ಬಂದು ಮುಚ್ಚಳ ಎತ್ತಿದ, ಮೂಸಿದ, ಒಳಗಿನ ಎಣ್ಣೆಗೆ ಬೆರಳು ಅದ್ದಿ ನಾಲಿಗೆಗೆ ಹಚ್ಚಿಕೊಂಡ.

"ಉಪ್ಪು ಒಂದು ಕಡಿಮಿ ಐತಿ ನೋಡ್ರಿ ರಾಯರ."

"ಚಾಷ್ಟಿ ಸಾಕು ಮಾರಾಯಾ. ಏನಾಗ್ಯದ ಹೇಳು."

"ಪಿಸ್ಟನ್ನು ಹಿಡಕೊಂಡಾವ. ಕ್ರ್ಯಾಂಕು ಮುರದೈತಿ. ಒಳಗ ಯಾವುದೂ ಯಾವುದರ ಮಾತೂ ಕೇಳಾಂಗಿಲ್ಲ. ಎರಡ ದಾರಿ ಅದಾವ್ರಿ. ಹುಬ್ಬಳ್ಳ್ಯಾಗ ಇಂಥಾದ ಒಂದು ಹಳೀ ಎಂಜಿನ್ನು ಐತಿ, ಅದನ್ನ ತಂದು ಕೂಡಸೂದು. ಇಲ್ಲಾಂದ್ರ ಇದನ್ನ ಬಿಚ್ಚಿ, ಬೇಕಾದವರಿಗೆ ಬೇಕಾದ ಸಾಮಾನು ಕೊಟ್ಟು ಕೈ ತೊಳಕೊಳ್ಳೂದು."

"ಹುಬ್ಬಳ್ಳಿಯಂವ ಏನು ಕೇಳ್ತಾನ?"

ಗದ್ದಲ ಕೇಳಿ ಯಮುನಾಬಾಯಿಯೂ ಬಂದು ನಿಂತಿದ್ದರು. ಖಾಜಾಸಾಬ ಅವರ ಕೈಯಲ್ಲಿದ್ದ ಬಂಗಾರದ ಪಾಟ್ಲಿ ಬಳೆಗಳ ಕಡೆ ಒಮ್ಮೆ ನೋಡಿದ. ಯಮುನಾಬಾಯಿ ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡು, "ಬಿಚ್ಚಿ ಕೊಡ್ರಿ," ಎಂದರು.

ಜೀವನದಲ್ಲಿ ರಾಯರು ಸ್ವಂತವಾಗಿ ಒಂದು ನಿರ್ಧಾರವನ್ನೂ ಮಾಡಿದವರಲ್ಲ. ಕಚೇರಿಯಲ್ಲಿ ಅವರ ಕೈಗೆ ಬಂದ ಕಾಗದವೆಲ್ಲ 'ಮೇಲಿನವರ ಅವಗಾಹನೆಗೆ' ಎಂದು ಬರೆಸಿಕೊಂಡು ಮುಂದಕ್ಕೆ ಹೋಗುತ್ತಿತ್ತು. ಇಲ್ಲಿ ಮೇಲಿನವರು ಯಾರೂ ಇರಲಿಲ್ಲ. ಆದರೆ ಸುತ್ತಲಿನವರು ಬೇಕಾದಷ್ಟು ಇದ್ದರು. ಗಂಡಸರು ರಿಪೇರಿಯ ಕಡೆ, ಹೆಂಗಸರು ಬಿಚ್ಚುವ ಕಡೆ ಆದರು. ಎದುರು ಮನೆಯ ದೇವವ್ವ ಮಾತ್ರ ಯಾವ ಪಕ್ಷಕ್ಕೂ ಸೇರದೆ, "ಏನರ ಮಾಡ್ರಿ, ಆ ಪೋಂ ಪೋಂ ಅನ್ನೂದು ನನಗಿರಲಿ. ಹಪ್ಪಳಕ್ಕ ಬರೂ ಮಂಗ್ಯಾ ಓಡಸಾಕ ಬೇಕು," ಎಂದು ಮುಂಗಡ ಹೇಳಿಟ್ಟಳು.

ಇದೇ ಹೊತ್ತಿಗೆ ಹುಲಕೋಟಿಯ ರೈತ ಕಳಕಪ್ಪ ಚಕ್ಕಡಿ ಹೊಡೆದುಕೊಂಡು ಆ ದಾರಿಗೆ ಬಂದ. ಚಕ್ಕಡಿಯ ಹಿಂದೆ ಒಂದು ಎಮ್ಮೆ ಕಟ್ಟಿತ್ತು. ಅದನ್ನು ಮಾರಲು ಪೇಟೆಗೆ ಹೊರಟಿದ್ದ. ಮೋಟಾರು ಕಂಡದ್ದೇ ಕೆಳಗಿಳಿದು ಗಾಲಿಗಳನ್ನು ಒಂದೊಂದಾಗಿ ಒದ್ದು ನೋಡಿದ.

"ರಾಯರ, ಟಾಯರ ಚಕ್ಕಡಿ ಮಾಡಸಬೇಕಂತ ಎರಡು ವರ್ಸದಿಂದ ಕನಸು ಕಾಣಾಕತ್ತೇನಿ. ಈ ನಾಲ್ಕೂ ಗಾಲಿ, ಎರಡೂ ಅಚ್ಚು ಕೊಡ್ರಿ. ಎಮ್ಮಿ ಇಲ್ಲೇ ಬಿಟ್ಟು ಹೊಕ್ಕೀನಿ. ಎರಡೂ ಹೊತ್ತು ಕೂಡಿ ಎಂಟ ಸೇರು ಹಾಲು."

ಯಮುನಾಬಾಯಿ ಎಮ್ಮೆಯ ಕಡೆ ನೋಡಿದರು. ಎಮ್ಮೆ ಯಮುನಾಬಾಯಿಯ ಕಡೆ ನೋಡಿತು. ಮದುವೆಯಾದ ಇಪ್ಪತ್ತು ವರ್ಷದಲ್ಲಿ ರಾಯರು ಒಮ್ಮೆಯೂ ಅವರನ್ನು ಅಷ್ಟು ಶಾಂತವಾಗಿ ನೋಡಿದ್ದಿಲ್ಲ. ರಾಯರು ಹೂಂ ಅನ್ನುವ ಮೊದಲೇ ಎಮ್ಮೆಯ ಹಣೆಗೆ ಕುಂಕುಮ ಬಿತ್ತು, ಗೌರಿ ಎಂದು ಹೆಸರೂ ಆಯಿತು.

"ಆತು ಹಂಗಾರ," ಎಂದು ರಾಯರು ಎಲ್ಲಿಗೋ ನೋಡುತ್ತ ಹೇಳಿದರು. ಖಾಜಾಸಾಬ ತಿರುಪು ಬಿಚ್ಚುವ ಪಾನಾ ಹಿಡಿದು ಮೊದಲನೆಯ ಗಾಲಿಯ ಹತ್ತಿರ ಕುಕ್ಕರಗಾಲಲ್ಲಿ ಕುಳಿತ.

"ಯಾರಲೇ ಅದು, ಮೋಟಾರ ಮುಟ್ಟಾಂವ," ಎನ್ನುತ್ತ ಪಕ್ಕದ ಮನೆಯ ಹನಮಪ್ಪ ಓಡಿ ಬಂದ. ಸೀರೆ ನೇಯುವ ಹನಮಪ್ಪ ಆ ದಿನದ ಮಟ್ಟಿಗೆ ರಾಜ್ಯೋದಯದ ಮೆರವಣಿಗೆ ಸಮಿತಿಯ ಅಧ್ಯಕ್ಷ. ಎದೆಯ ಮೇಲಿನ ಕಾಗದದ ಹೂವು ಅವನ ಮುಖಕ್ಕಿಂತ ದೊಡ್ಡದಿತ್ತು. "ರಾಯರ, ತಾಯಿ ಭುವನೇಶ್ವರಿ ಫೋಟೋ ನಿಮ್ಮ ಮೋಟಾರದಾಗ ಅಂತ ಚೀಟಿ ಅಚ್ಚ ಹಾಕಿಸಿ ಹಂಚೀವಿ. ಧಾರವಾಡದಿಂದ ದೊಡ್ಡ ಸಾಹೇಬರು ಬರಾಕತ್ತಾರ. ಈಗ ಗಾಲಿ ಬಿಚ್ಚಿದ್ರ ಫೋಟೋ ನನ್ನ ತಲೀ ಮ್ಯಾಲ ಇಟಗೊಂಡು ಹೋಗ್ಲೇನು?"

"ಎಂಜಿನ್ನ ಸತ್ತದಲ್ಲೋ ಹನಮಪ್ಪ."

"ಸತ್ತದ್ದಕ್ಕೂ ಹೆಗಲ ಕೊಡತಾರಲ್ರಿ."

ಅರ್ಧ ತಾಸು ವಾದವಾಗಿ ಒಂದು ಒಪ್ಪಂದವಾಯಿತು. ಮೊದಲು ಮೆರವಣಿಗೆ, ಆಮೇಲೆ ಗಾಲಿ. ಮೋಟಾರನ್ನು ಕಳಕಪ್ಪನ ಎತ್ತುಗಳು ಎಳೆಯತಕ್ಕದ್ದು. ಗಾಲಿ ಕೈಗೆ ಬರುವವರೆಗೆ ಎಮ್ಮೆಯ ಹಗ್ಗ ಬಿಡೆನೆಂದು ಕಳಕಪ್ಪ ಅಂದ. ಎಮ್ಮೆ ಕಣ್ಣಿಗೆ ಮರೆಯಾಗಕೂಡದೆಂದು ಯಮುನಾಬಾಯಿ ಅಂದರು. ಹೀಗಾಗಿ ಗೌರಿಯನ್ನು ಮೋಟಾರಿನ ಹಿಂದೆ ಕಟ್ಟುವುದೆಂದಾಯಿತು.

ನಾಲ್ಕು ಗಂಟೆಗೆ ಮೆರವಣಿಗೆ ಹೊರಟಿತು. ಮುಂದೆ ಬಾಜಾ ಬಜಂತ್ರಿ, ನಡುವೆ ಎತ್ತು ಕಟ್ಟಿದ ಮೋಟಾರು. ಹಿಂದಿನ ಸೀಟಿನಲ್ಲಿ ಹೂವಿನ ರಾಶಿಯ ನಡುವೆ ಫೋಟೋ. ಮುಂದಿನ ಸೀಟಿನಲ್ಲಿ ಕರಿ ಟೊಪ್ಪಿಗೆ ಹಾಕಿಕೊಂಡು, ಮದುವೆಗೆ ಬೇಡವೆಂದರೂ ಕೂರಿಸಿದ ವರನಂತೆ ರಾಯರು. ಹಿಂದೆ ಗೌರಿ, ಅದರ ಮಗ್ಗುಲಲ್ಲಿ ಯಮುನಾಬಾಯಿ. ನೋಡಿದ ಜನ ಎಮ್ಮೆಯೂ ಕಾರ್ಯಕ್ರಮದಲ್ಲಿದೆಯೆಂದು ತಿಳಿದು ಅದಕ್ಕೂ ಕೈ ಮುಗಿದರು.

ಗದುಗಿನ ಮೈದಾನ ಕಾಣುವ ಇಳಿಜಾರಿಗೆ ಬಂದಾಗ ಉತ್ಸಾಹ ತಡೆಯಲಾರದ ಯಾರೋ ಪಟಾಕಿಯ ಸರಕ್ಕೆ ಕಡ್ಡಿ ಗೀರಿದರು. ಎತ್ತುಗಳು ಬಾಲವೆತ್ತಿ ಓಡಿದವು. ಬಾಜಾದವರು ಎರಡು ಕಡೆಗೂ ಹಾರಿ ಗಟಾರು ಸೇರಿದರು. ಇಳಿಜಾರಿನಲ್ಲಿ ಮೋಟಾರಿಗೆ ಮತ್ತೆ ಜೀವ ಬಂದಂತಾಗಿ, ಅದು ಎತ್ತುಗಳನ್ನೇ ಅಟ್ಟಿಸಿಕೊಂಡು ಹೊರಟಿತು. ರಾಯರು ಬ್ರೇಕು ತುಳಿದರು. ಬ್ರೇಕು ಕೆಳಗೆ ಹೋದದ್ದು ಮೇಲೆ ಬರಲಿಲ್ಲ. ಹಿಂದಿನಿಂದ ಗೌರಿ ನಾಗಾಲೋಟದಲ್ಲಿ ಬರುವುದೂ, ಅದರ ಹಿಂದೆ ಕಚ್ಚೆ ಬಿಗಿದ ಯಮುನಾಬಾಯಿ "ಎಮ್ಮಿ ಜ್ವಾಕಿರೀ" ಎಂದು ಕೂಗುತ್ತ ಬರುವುದೂ ಕನ್ನಡಿಯಲ್ಲಿ ಕಾಣಿಸಿತು. ಗಂಡ ಜ್ವಾಕಿ ಎಂದು ಅವರು ಕೂಗಿದ್ದು ಕೇಳಲಿಲ್ಲ.

ಆ ಗಳಿಗೆಯಲ್ಲಿ ದತ್ತಾತ್ರಿ ರಾಯರು ಬದುಕಿನ ಮೊದಲನೆಯ ನಿರ್ಧಾರ ಮಾಡಿದರು. ಉಳಿದು ಕೆಳಗಿಳಿದರೆ ಈ ಮೋಟಾರಿನ ಒಂದು ತಿರುಪೂ ಇನ್ನೊಂದರ ಹತ್ತಿರ ಇರದಂತೆ ಬಿಚ್ಚಿಸಿಬಿಡುವುದು. ಮನಸ್ಸು ಹಗುರಾಯಿತು. ಇಷ್ಟು ಸುಲಭವಿದ್ದದ್ದಕ್ಕೆ ಇಷ್ಟು ವರ್ಷ ಯಾಕೆ ಹೆದರಿದೆನೆಂದು ಅವರಿಗೆ ಆಶ್ಚರ್ಯವಾಯಿತು.

ಮೋಟಾರು ಮೈದಾನದ ಹಸಿರು ತೋರಣವನ್ನು ಮುರಿದುಕೊಂಡು ಒಳಗೆ ನುಗ್ಗಿತು. ಎತ್ತುಗಳು ಹಗ್ಗ ಹರಿದುಕೊಂಡು ಮಗ್ಗುಲಾದವು. ಬಾಳೆಕಂಬ, ಮಾವಿನೆಲೆ, ಬಣ್ಣದ ಕಾಗದ ಎಲ್ಲವನ್ನೂ ಮೈಮೇಲೆ ಹೊದ್ದುಕೊಂಡ ಮೋಟಾರು ವೇದಿಕೆಗೆ ಒಂದು ಮೊಳ ಅಂತರದಲ್ಲಿ, ದೊಡ್ಡ ಸಾಹೇಬರ ಪಾದದ ಎದುರಿಗೆ ನಿಂತಿತು. ಫೋಟೋಕ್ಕೆ ಒಂದು ಗೀರೂ ಬಿದ್ದಿರಲಿಲ್ಲ. ಗೌರಿ ತೇಕುತ್ತ ಬಂದು ನಿಂತು, ತೋರಣದ ಬಾಳೆಎಲೆ ತಿನ್ನತೊಡಗಿತು.

ಸಾಹೇಬರು ಎದ್ದು ನಿಂತರು. ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಅವರ ಕೈಯಲ್ಲಿದ್ದ ಭಾಷಣದ ಹಾಳೆ ಹೆದರಿಕೆಗೆ ಎಲ್ಲಿಯೋ ಹಾರಿಹೋಗಿತ್ತು. ಕಣ್ಣಿಗೆ ಕಂಡದ್ದನ್ನೂ, ಹನಮಪ್ಪ ಓಡಿ ಬಂದು ಕಿವಿಯಲ್ಲಿ ಉಸುರಿದ್ದನ್ನೂ ಹಿಡಿದು ಮಾತಾಡದೆ ಅವರಿಗೆ ಗತಿಯಿರಲಿಲ್ಲ.

"ಬಂಧುಗಳೇ, ಇದನ್ನು ನೋಡಿ. ಎಂಜಿನ್ನು ನಿಂತುಹೋದ ಮೋಟಾರು. ಆದರೂ ಎತ್ತು ಎಳೆದಿವೆ, ಎಮ್ಮೆ ಜೊತೆಗೆ ಬಂದಿದೆ, ಒಬ್ಬ ಬಡ ಕಾರಕೂನ ಪ್ರಾಣ ಲೆಕ್ಕಿಸದೆ ಚುಕ್ಕಾಣಿ ಹಿಡಿದಿದ್ದಾನೆ. ಹರಿದು ಹಂಚಿಹೋಗಿದ್ದ ನಮ್ಮ ನಾಡು ಒಂದಾದದ್ದೂ ಹೀಗೆಯೇ. ಈ ಮೋಟಾರನ್ನು ಬಿಡಿಬಿಡಿ ಮಾಡಿದರೆ ನಾಡನ್ನೇ ಬಿಡಿಬಿಡಿ ಮಾಡಿದಂತೆ. ಇದರ ಒಂದು ತಿರುಪನ್ನೂ ಯಾರೂ ಬಿಚ್ಚಕೂಡದು."

ಚಪ್ಪಾಳೆಯಲ್ಲಿ ಮೈದಾನ ನಡುಗಿತು. ಬಾಳೆಎಲೆ ಸರಿಸಿಕೊಂಡು ರಾಯರು ತಲೆ ಹೊರಗೆ ಹಾಕಿದರು.

"ಸಾಹೇಬರ, ಒಂದು ವಿನಂತಿ ಅದರಿ. ಬಿಚ್ಚಬಾರದಂದ್ರ, ರಿಪೇರಿನಾದ್ರೂ..."

"ನಿಮ್ಮ ಭಾವನೆ ನನಗೆ ತಿಳಿಯಿತು," ಎಂದು ಸಾಹೇಬರು ಕೈ ಎತ್ತಿದರು. "ರಿಪೇರಿಯನ್ನೂ ಯಾರೂ ಮಾಡಕೂಡದು. ಇದು ಹೇಗಿದೆಯೋ ಹಾಗೆಯೇ, ಈ ಮಹನೀಯರ ಮನೆಯ ಮುಂದೆಯೇ ಇರಲಿ. ನಾಳೆಯೇ ಹುಕುಂ ಹೊರಡಿಸುತ್ತೇನೆ."

ಮೇಲಿನವರ ಮಾತು ಮುಗಿದಿತ್ತು. ಒಂಬತ್ತು ನಿಮಿಷ ಬಾಳಿದ ರಾಯರ ನಿರ್ಧಾರವೂ ಮುಗಿಯಿತು.

ಕಳಕಪ್ಪ ಬಂದು ಗೌರಿಯ ಹಗ್ಗ ಬಿಚ್ಚಿದ. "ನಾಡಿನ ಗಾಲಿ ನನಗ ಬ್ಯಾಡ್ರಿ ಅವ್ವಾರ. ಪಾಪ ಹತ್ತತೈತಿ," ಎಂದು ತನ್ನ ಎತ್ತುಗಳ ಹಿಂದೆ ಎಮ್ಮೆ ಹೊಡೆದುಕೊಂಡು ಹುಲಕೋಟಿಯ ದಾರಿ ಹಿಡಿದ. ಅದರ ಬಾಲ ತಿರುವಿನಲ್ಲಿ ಮರೆಯಾಗುವವರೆಗೂ ಯಮುನಾಬಾಯಿ ನಿಂತೇ ಇದ್ದರು. ಆಮೇಲೆ ರಾಯರ ಕಡೆ ಒಮ್ಮೆ ನೋಡಿದರು. ಅಂದು ರಾತ್ರಿ ಆ ಮನೆಯಲ್ಲಿ ಒಲೆ ಹೊತ್ತಲಿಲ್ಲ.

ಸಮಿತಿಯವರು ಅಂದೇ ಮೋಟಾರನ್ನು ನೂಕಿಕೊಂಡು ಹೋಗಿ ರಾಯರ ಮನೆಯ ಮುಂದೆ ನಿಲ್ಲಿಸಿದರು. ಇಕ್ಕಟ್ಟಿನ ಓಣಿ. ಮೋಟಾರು ಬಾಗಿಲಿಗೆ ಆತುಕೊಂಡು ನಿಂತಿತು. ಅದು ಅಲುಗಾಡಬಾರದೆಂದು ನಾಲ್ಕೂ ಗಾಲಿಗೆ ಕಲ್ಲು ಕಟ್ಟಿ ಗಾರೆ ಹಾಕಿದರು. ಮನೆಗೆ ಇನ್ನೊಂದು ಬಾಗಿಲಿರಲಿಲ್ಲ.

ಮರುದಿನ ಬೆಳಿಗ್ಗೆ ರಾಯರು ಛತ್ರಿ ಬಗಲಲ್ಲಿಟ್ಟುಕೊಂಡು, ಮೋಟಾರಿನ ಈ ಬದಿಯ ಬಾಗಿಲು ತೆಗೆದು ಒಳಗೆ ಹೊಕ್ಕು, ಸೀಟಿನ ಮೇಲೆ ಜಾರುತ್ತ ಹೋಗಿ ಆ ಬದಿಯ ಬಾಗಿಲು ತೆಗೆದರು. ಹೊರಗೆ ಹನಮಪ್ಪ ಊದಿನಕಡ್ಡಿ ಹಿಡಿದು ನಿಂತಿದ್ದ.

"ರಾಯರ, ತಪ್ಪ ತಿಳಕೋಬ್ಯಾಡ್ರಿ. ಚಪ್ಪಲಿ ಕೈಯಾಗ ಹಿಡಕೊಂಡು ದಾಟ್ರಿ."

"ಇದು ನಮ್ಮ ಮನೀ ಬಾಗಲಾ ಹನಮಪ್ಪ."

"ಮನಿ ನಿಮ್ಮದ ಐತ್ರಿ," ಎಂದ ಹನಮಪ್ಪ, "ಬಾಗಲಾ ನಾಡಿಂದು."